ಆರನೇ ಶೆಡ್ಡಿನ ನೆಮ್ಮದಿ

ಕುರಿಗೆ ನೋವಾದರೆ ಅದು ಹೇಳುವುದಿಲ್ಲ. ನಾಯಿ ಕುಂಯ್ಗುಡುತ್ತದೆ, ಎತ್ತು ಮೇವು ಬಿಡುತ್ತದೆ, ಬೆಕ್ಕು ಮೂಲೆ ಸೇರುತ್ತದೆ. ಕುರಿ ಮಾತ್ರ ಗೊರಸು ಕೊಳೆಯುತ್ತಿದ್ದರೂ ಹಿಂಡಿನ ನಡುವೆ ತಲೆ ತಗ್ಗಿಸಿಕೊಂಡು ನಡೆಯುತ್ತಲೇ ಇರುತ್ತದೆ. ಕುಂಟಿದ್ದು ಕಣ್ಣಿಗೆ ಬಿದ್ದರೆ ತೋಳ ತನ್ನನ್ನೇ ಆರಿಸಿಕೊಳ್ಳುತ್ತದೆ ಎಂಬ ಅರಿವು ಅದರ ರಕ್ತದಲ್ಲೇ ಇದೆ.

ಡಾ. ನೀಲಾಂಬಿಕೆ ಹೂಗಾರ ಇದನ್ನು ಕಲಿತದ್ದು ಕಾಲೇಜಿನಲ್ಲಲ್ಲ. ಪಶುವೈದ್ಯೆಯಾಗಿ ನೌಕರಿಗೆ ಸೇರಿದ ಮೊದಲನೆಯ ವರ್ಷವೇ ಕೊಪ್ಪಳ ಸೀಮೆಯಲ್ಲಿ ನೀಲಿನಾಲಿಗೆ ರೋಗ ಬಿತ್ತು. ಮುಂಜಾನೆ ಎಲ್ಲದರ ಜೊತೆಗೆ ಎದ್ದು ಹೊರಟ ಕುರಿ ಸಂಜೆಯ ಹೊತ್ತಿಗೆ ಬಾಯಲ್ಲಿ ನೊರೆ ಸುರಿಸಿಕೊಂಡು ಬದುವಿನ ಮೇಲೆ ಬಿದ್ದಿರುತ್ತಿತ್ತು. ಜ್ವರ ಬಂದು ಮೂರು ದಿನವಾಗಿರುತ್ತಿತ್ತು, ಯಾರಿಗೂ ಗೊತ್ತಾಗಿರುತ್ತಿರಲಿಲ್ಲ. ಆ ವರ್ಷ ಅವಳು ಹೂಳಿಸಿದ ಕುರಿಗಳನ್ನು ಎಣಿಸುವುದನ್ನು ಅರ್ಧಕ್ಕೇ ಬಿಟ್ಟಳು. ಇವು ಎರಡು ದಿನ ಮೊದಲೇ ಹೇಳಿಕೊಳ್ಳುವಂತಿದ್ದರೆ ಎಂಬ ಒಂದೇ ಯೋಚನೆ ತಲೆಯಲ್ಲಿ ಉಳಿಯಿತು. ಆ ಯೋಚನೆ ಹದಿನಾರು ವರ್ಷಗಳ ನಂತರ ಕಿವಿಬಿಲ್ಲೆಯಾಯಿತು.

ಬಿಲ್ಲೆ ಹುಣಸೆಬೀಜಕ್ಕಿಂತ ತುಸು ದೊಡ್ಡದು. ಕುರಿಯ ಕಿವಿಗೆ ಚುಚ್ಚಿದರೆ ಎದೆಬಡಿತದ ಏರಿಳಿತ, ಮೈಯ ಕಾವು, ಹೆದರಿಕೆಯಲ್ಲಿ ರಕ್ತಕ್ಕಿಳಿಯುವ ಕಾರ್ಟಿಸಾಲ್ ಎಂಬ ರಸ ಈ ಮೂರನ್ನೂ ನಿಮಿಷಕ್ಕೊಮ್ಮೆ ಅಳೆದು ಕಳಿಸುತ್ತಿತ್ತು. ನೀಲಾಂಬಿಕೆ ಬರೆದ ಸೂತ್ರ ಆ ಮೂರನ್ನೂ ಕೂಡಿಸಿ ನೂರಕ್ಕೆ ಇಷ್ಟು ಎಂದು ಒಂದು ಅಂಕ ಕೊಡುತ್ತಿತ್ತು. ತಳಮಳ ಕಡಿಮೆಯಾದಷ್ಟೂ ಅಂಕ ಹೆಚ್ಚು. ಅದಕ್ಕೆ ನೆಮ್ಮದಿ ಅಂಕ ಎಂದು ಹೆಸರಿಟ್ಟವಳೂ ಅವಳೇ. ಆರು ವರ್ಷದ ಹಿಂದೆ ಅದು ಕಾಯ್ದೆಯೊಳಗೆ ಸೇರಿತು. ಯಾವ ಹಿಂಡಿನ ಸರಾಸರಿ ಸತತ ತೊಂಬತ್ತು ದಿನ ನಲವತ್ತೈದಕ್ಕಿಂತ ಕೆಳಗಿರುತ್ತದೋ ಆ ಹಿಂಡನ್ನು ಹತ್ತಿರದ ಕುರಿಸಂಕುಲಕ್ಕೆ ಸಾಗಿಸಬೇಕು. ಕುರಿಗಳ ಒಳಿತಿಗಾಗಿ.

ಸಂಕುಲವೆಂದರೆ ಇಪ್ಪತ್ತು ಶೆಡ್ಡು. ಒಂದೊಂದರಲ್ಲಿ ಇನ್ನೂರು ಕುರಿ. ನೆಲದಿಂದ ಆಳೆತ್ತರದಲ್ಲಿ ಸಂದು ಬಿಟ್ಟು ಜೋಡಿಸಿದ ಪ್ಲಾಸ್ಟಿಕ್ ಪಟ್ಟಿಗಳ ನೆಲ. ಹಿಕ್ಕೆ ಉಚ್ಚೆ ಎಲ್ಲ ಕೆಳಕ್ಕೆ. ಕೆಸರಿಲ್ಲ, ಜಂತುವಿಲ್ಲ, ತೋಳವಿಲ್ಲ. ಹೊತ್ತುಹೊತ್ತಿಗೆ ಕೊಳವೆಯಲ್ಲಿ ಮೇವಿನ ಗುಳಿಗೆ ಸುರಿಯುತ್ತಿತ್ತು. ನಿಯಂತ್ರಣ ಕೊಠಡಿಯ ಪರದೆಯ ಮೇಲೆ ಇಪ್ಪತ್ತು ಚೌಕಗಳು ಹಸಿರಾಗಿ ಉರಿಯುತ್ತಿದ್ದವು. ಆರನೇ ಶೆಡ್ಡು ಎಲ್ಲಕ್ಕಿಂತ ಹಳೆಯದು, ಅದರ ಅಂಕವೇ ಎಲ್ಲಕ್ಕಿಂತ ಹೆಚ್ಚು, ಎಂಬತ್ತೆಂಟು. ಬೇರೆ ಜಿಲ್ಲೆಗಳಿಂದ ಬಂದವರಿಗೆ ಮೊದಲು ತೋರಿಸುತ್ತಿದ್ದದ್ದು ಅದನ್ನೇ.

ಅವಳಿಗೀಗ ಐವತ್ತೆರಡು. ಮೊಣಕಾಲು ನೋಯುತ್ತಿತ್ತು. ದಿನವೂ ಅದೇ ಪರದೆ, ಅದೇ ಹಸಿರು, ಅದೇ ವರದಿ. ಎಲ್ಲ ಸರಿಯಿದ್ದೂ ಯಾಕಿಷ್ಟು ದಣಿವು ಎಂದು ಒಮ್ಮೊಮ್ಮೆ ಅನಿಸುತ್ತಿತ್ತು. ಆ ಪ್ರಶ್ನೆಯನ್ನು ಹಿಡಿದು ಕೂರುವಷ್ಟು ಕಸುವೂ ಇರಲಿಲ್ಲ.

ಅಮೋಘೆಪ್ಪ ಬಂದದ್ದು ಮಾರ್ಚ್ ತಿಂಗಳ ಒಂದು ಮುಂಜಾನೆ. ಅರವತ್ತು ದಾಟಿದ ಕುರುಬ, ಹೆಗಲ ಮೇಲೆ ಕಂಬಳಿ. ಗೇಟಿನವನು ತಡೆದರೂ ಕೇಳದೆ ನಿಯಂತ್ರಣ ಕೊಠಡಿಯ ಬಾಗಿಲವರೆಗೂ ಬಂದು ನಿಂತಿದ್ದ. ಪರದೆ ನೋಡಿಕೊಳ್ಳುವ ಜುಲೇಖಾಬಿ ಅವನಿಗೆ ಕುರ್ಚಿ ಎಳೆದು ಕೊಟ್ಟಳು. ಅವನು ಕೂರಲಿಲ್ಲ.

"ಡಾಕ್ಟರವ್ವ, ನನ್ನ ಹಿಂಡು ಕೆಂಪಾಗೇತಂತ. ಎಪ್ಪತ್ತಾರನೇ ದಿನ ಅಂತ ನೋಟೀಸು ಬಂದೈತ್ರಿ. ಇನ್ನ ಹದಿನಾಕು ದಿನಕ್ಕ ಲಾರಿ ತರ್ತಾರಂತ."

ಜುಲೇಖಾಬಿ ಹಿಂಡಿನ ಸಂಖ್ಯೆ ಒತ್ತಿದಳು. ನೂರಾ ಎಂಬತ್ತು ಕೆಂಗುರಿ, ಸರಾಸರಿ ನಲವತ್ತೊಂದು. ಪರದೆಯ ಮೇಲಿನ ಗೆರೆ ಗುಡ್ಡಗಾಡಿನಂತೆ ಏರಿ ಇಳಿದು ಏರುತ್ತಿತ್ತು.

"ದಿನಕ್ಕ ಐದಾರು ಸಲ ಅಂಕ ಬೀಳ್ತೈತಿ ಅಮೋಘೆಪ್ಪ," ಎಂದಳು ನೀಲಾಂಬಿಕೆ. "ಕುರಿ ಬಾಳ ಹೆದರ್ತಾವು. ನಡದು ನಡದು ಸೋಲ್ತಾವು. ಇಲ್ಲಿ ಬಂದ್ರ ಅವಕ್ಕ ಆರಾಮ ಆಗ್ತೈತಿ."

"ಹೆದರ್ತಾವ್ರಿ. ಲಾರಿ ಹಾರ್ನು ಹೊಡದ್ರ ಹೆದರ್ತಾವು, ಹಳ್ಳಾ ದಾಟುಮುಂದ ಹೆದರ್ತಾವು. ಕುರಿ ಅಂದಮ್ಯಾಗ ಹೆದರಬೇಕಲ್ರಿ? ಆಮ್ಯಾಲೆ ಮೇಯ್ತಾವು." ಅವನು ಪರದೆಯ ಹಸಿರು ಚೌಕಗಳ ಕಡೆ ಕೈ ಮಾಡಿದ. "ಇವು ಹೆದರ್ತಾವೇನ್ರಿ?"

"ಇಲ್ಲಿ ಹೆದರೋಹಂತಾದ್ದು ಏನೂ ಇಲ್ಲ."

"ಒಮ್ಮೆ ಹೆದರಿಸಿ ನೋಡ್ರಿ ಮತ್ತ," ಎಂದ ಅಮೋಘೆಪ್ಪ. ಚೇಷ್ಟೆಯಿಂದಲ್ಲ, ನಿಜಕ್ಕೂ ತಿಳಿಯಬೇಕೆಂಬಂತೆ. ಸೂತ್ರ ಎಲ್ಲರಿಗೂ ಒಂದೇ, ತನ್ನ ಕೈಯಲ್ಲಿ ಏನೂ ಇಲ್ಲ ಎಂದು ನೀಲಾಂಬಿಕೆ ಹೇಳಿ ಕಳಿಸಿಬಿಟ್ಟಳು. ಅವನು ಹೋದಮೇಲೆ ಜುಲೇಖಾಬಿ ಖಾಲಿ ಕುರ್ಚಿಯನ್ನು ಮತ್ತೆ ಗೋಡೆಗೆ ಸರಿಸಿದಳು.

ಮನೆಯೆಂದರೆ ಊರಂಚಿನ ಸರ್ಕಾರಿ ವಸತಿಯ ಮೂರನೇ ಮಹಡಿ. ಗಂಡ ಶಂಭುಲಿಂಗ ವಿದ್ಯುತ್ ಕಚೇರಿಯಲ್ಲಿ ಮೇಲ್ವಿಚಾರಕ. ಅತ್ತೆ ಬಸಲಿಂಗವ್ವ ಎರಡು ವರ್ಷದಿಂದ ಇವರ ಜೊತೆಗೇ ಇದ್ದಳು. ಬಂದ ಹೊಸದರಲ್ಲಿ ಮನೆ ರಣರಂಗವಾಗಿತ್ತು. ಮುದುಕಿ ದಿನಕ್ಕೆ ನಾಲ್ಕು ಸಲ ಮೆಟ್ಟಿಲಿಳಿಯಲು ಹೊರಡುತ್ತಿದ್ದಳು, ಕದ ಬಡಿಯುತ್ತಿದ್ದಳು, ಒಮ್ಮೆ ತಟ್ಟೆ ಎತ್ತಿ ಒಗೆದಿದ್ದಳು. ಜಾರಿ ಬಿದ್ದು ಸೊಂಟ ಮುರಿದುಕೊಂಡಾಳೆಂಬ ಹೆದರಿಕೆಗೆ ಇವರು ಬಾಗಿಲಿಗೆ ಮೇಲಿನ ಚಿಲಕ ಹಾಕಿಸಿದ್ದರು.

ಆ ಸಂಜೆ ನೀಲಾಂಬಿಕೆ ರೊಟ್ಟಿ ಬಡಿಯುತ್ತಿದ್ದಳು. ಶಂಭುಲಿಂಗ ತಾಯಿಯ ಮುಂದೆ ತಟ್ಟೆಯಿಟ್ಟು ಅಡುಗೆಮನೆಗೆ ಬಂದ.

"ನೀಲಾ, ಅವ್ವ ಈಗ ಛಲೋ ಹೊಂದಿಕೊಂಡಾಳ ನೋಡು. ಒಂದು ಮಾತಿಲ್ಲ, ತಕರಾರಿಲ್ಲ. ಕೊಟ್ಟದ್ದು ಉಣ್ತಾಳ, ಕುಂದ್ರಿಸಿದಲ್ಲೆ ಕುಂದ್ರತಾಳ."

ನೀಲಾಂಬಿಕೆಯ ಕೈ ಹಿಟ್ಟಿನ ಮೇಲೆ ನಿಂತಿತು. ಹೆಂಚಿನ ಮೇಲಿನ ರೊಟ್ಟಿ ಸೀದು ಹೊಗೆಯೆದ್ದಿತು. ಅವಳು ಒಲೆ ಆರಿಸಿ ಹೊರಗೆ ಬಂದು ಅತ್ತೆಯ ಪಕ್ಕದಲ್ಲಿ ಕುಳಿತಳು.

"ಅತ್ತೀ, ಕೆಳಗ ಹೋಗೂಣೇನ್ರಿ? ಒಂದೀಟು ಅಡ್ಡಾಡಿ ಬರೂಣು."

ಬಸಲಿಂಗವ್ವ ಸೊಸೆಯ ಮುಖ ನೋಡಿದಳು. ಕೋಪವಿರಲಿಲ್ಲ, ಆಸೆಯೂ ಇರಲಿಲ್ಲ. "ಕೆಳಗ ಏನೈತಿ?" ಎಂದು ಕೇಳಿ ಮತ್ತೆ ತಟ್ಟೆಯ ಕಡೆ ತಿರುಗಿದಳು.

ಮರುದಿನ ನೀಲಾಂಬಿಕೆ ಪರದೆಯ ಮುಂದೆ ಕೂರಲಿಲ್ಲ. ಚೀಲದಲ್ಲಿದ್ದ ಕರಿ ಕೊಡೆ ಹಿಡಿದುಕೊಂಡು ಆರನೇ ಶೆಡ್ಡಿಗೆ ನಡೆದಳು. ಇನ್ನೂರು ಕುರಿಗಳು ಬೆಳ್ಳನೆಯ ಬೆಳಕಿನಲ್ಲಿ ಒಂದರ ಪಕ್ಕ ಒಂದು ನಿಂತಿದ್ದವು, ಕೆಲವು ಮಲಗಿದ್ದವು. ಒಂದು ಕುರಿಯ ಮೂತಿಯಿಂದ ಗೇಣು ದೂರದಲ್ಲಿ ಅವಳು ಕೊಡೆಯನ್ನು ಫಟ್ಟನೆ ಬಿಚ್ಚಿದಳು. ಬಯಲಿನ ಕುರಿಯಾಗಿದ್ದರೆ ಹಿಂಡೇ ಚೆದುರಿ ಓಡುತ್ತಿತ್ತು. ಇದು ಕಣ್ಣು ಪಿಳುಕಿಸಿತು, ಅಷ್ಟೇ. ಅವಳು ಮತ್ತೆ ಮುಚ್ಚಿ ಬಿಚ್ಚಿದಳು. ಕಿವಿ ಕೂಡ ಅಲುಗಲಿಲ್ಲ.

"ಜುಲೇಖಾ, ಗೆರೀ ಏನಾತು?" ಎಂದು ಫೋನಿನಲ್ಲಿ ಕೇಳಿದಳು.

"ಏನಾಗಬೇಕಿತ್ತು ಮೇಡಂ? ಎಂಬತ್ತೊಂಬತ್ತು. ಹಂಗss ಐತಿ."

ಹೊರಗೆ ಹೋಗಿ ಬೇಲಿಯ ಜಾಲಿಮರದಿಂದ ಒಂದು ಮಡಿಲು ಕಾಯಿ ಕಿತ್ತು ತಂದಳು. ಜಾಲಿಕಾಯಿಯ ವಾಸನೆಗೆ ಕುರಿ ಮುಳ್ಳುಬೇಲಿ ಹಾರುತ್ತದೆ. ಅದನ್ನು ಅವುಗಳ ಮುಂದೆ ಸುರಿದಳು. ಒಂದು ಕುರಿ ಮೂಸಿತು. ಇನ್ನೊಂದು ಅದರ ಮೇಲೆ ಕಾಲಿಟ್ಟುಕೊಂಡೇ ನಿಂತಿತು. ಮಲಗಿದ್ದವು ಏಳಲಿಲ್ಲ.

ನೀಲಾಂಬಿಕೆ ಅಲ್ಲೇ ಕಂಬಕ್ಕೊರಗಿ ನಿಂತಳು. ಮೈಯ ರಸಗಳ ಪಾಠ ಅವಳಿಗೆ ಹೊಸದಲ್ಲ. ವರ್ಷಗಟ್ಟಲೆ ತಪ್ಪಿಸಿಕೊಳ್ಳಲಾಗದ ಕಡೆ ಇಟ್ಟ ಪ್ರಾಣಿಯಲ್ಲಿ ಕಾರ್ಟಿಸಾಲ್ ಒಸರುವುದೇ ಸೋತುಹೋಗುತ್ತದೆ. ಹೆದರಿ ಫಲವಿಲ್ಲವೆಂದು ಮೈ ಹೆದರುವುದನ್ನು ಬಿಟ್ಟುಬಿಡುತ್ತದೆ. ಅದರ ಹಿಂದೆಯೇ ಬೇಕು ಎಂಬುದೂ ಹೋಗುತ್ತದೆ. ಇದು ಪುಸ್ತಕದಲ್ಲಿತ್ತು. ಅವಳು ಓದಿದ್ದಳು, ಪರೀಕ್ಷೆಯಲ್ಲಿ ಬರೆದೂ ಇದ್ದಳು. ಆದರೆ ಸೂತ್ರ ಬರೆಯುವಾಗ ಅವಳ ಕಣ್ಣ ಮುಂದಿದ್ದದ್ದು ಜ್ವರದಿಂದ ನರಳುವ ಕುರಿ ಮಾತ್ರ. ತಳಮಳವಿಲ್ಲದ್ದೆಲ್ಲ ನೆಮ್ಮದಿ ಎಂದು ಅವಳು ಬರೆದಿದ್ದಳು, ಆರು ವರ್ಷದಿಂದ ಹದಿನಾಲ್ಕು ಜಿಲ್ಲೆ ಅದನ್ನೇ ಓದುತ್ತಿದ್ದವು.

ಶೆಡ್ಡಿನಿಂದ ಹೊರಬಂದಾಗ ಬಿಸಿಲು ಮುಖಕ್ಕೆ ಹೊಡೆಯಿತು. ಅಳು ಬರಬಹುದೆಂದುಕೊಂಡಳು. ಬರಲಿಲ್ಲ, ಬರೀ ಆಯಾಸ.

ಒಂದು ಶೆಡ್ಡು ನೋಡಿ ಸೂತ್ರ ತಪ್ಪೆನ್ನಲು ಆಗುವುದಿಲ್ಲ. ಎದುರಿಗೆ ಹಿಡಿದು ನೋಡಲು ಇನ್ನೊಂದು ಬೇಕು. ರಜೆ ಬರೆದು, ಕೈಯಲ್ಲೊಂದು ಸಣ್ಣ ಪರದೆ ಹಿಡಿದು, ಅಮೋಘೆಪ್ಪನ ಹಿಂಡನ್ನು ಹುಡುಕಿಕೊಂಡು ಹೋದಳು. ಹಿಂಡು ಕುಷ್ಟಗಿ ದಾರಿಯಾಚೆ, ಕಡಲೆ ಕಿತ್ತ ಹೊಲದಲ್ಲಿತ್ತು. ಅಮೋಘೆಪ್ಪನ ಹೆಂಡತಿ ಮಾಯವ್ವ ಕುದುರೆಯ ಮೇಲಿಂದ ಸಾಮಾನು ಇಳಿಸುತ್ತಿದ್ದಳು.

"ನಾಕು ದಿನ ನಿಮ್ಮ ಜೋಡಿ ನಡೀತೀನಿ," ಎಂದಳು ನೀಲಾಂಬಿಕೆ.

ಮಾಯವ್ವ ಅವಳ ಚಪ್ಪಲಿ ನೋಡಿದಳು. "ಇವು ಎರಡು ದಿನಕ್ಕ ಹರೀತಾವ್ರಿ," ಎಂದಷ್ಟೇ ಹೇಳಿ ಒಂದು ಕಂಬಳಿ ಕೊಟ್ಟಳು.

ನಡೆಯುವುದು ಸುಖವಾಗಿರಲಿಲ್ಲ. ಮೊದಲು ಕುರಿ ಕಾಯುವವರಿಗೆ ಊರಾಚೆಯ ಹುಲ್ಲುಗಾವಲಿತ್ತು; ಈಗ ಅಲ್ಲೆಲ್ಲ ಸೋಲಾರ್ ಫಲಕಗಳು, ಸುತ್ತ ತಂತಿಬೇಲಿ. ಬೇಲಿಯ ಆಚೆ ಫಲಕಗಳ ನೆರಳಿನಲ್ಲಿ ಹಸಿ ಹುಲ್ಲು ಮೊಣಕಾಲುದ್ದ ಬೆಳೆದಿತ್ತು, ಈಚೆ ಹಿಂಡು ಡಾಂಬರಿನ ಅಂಚಿನಲ್ಲಿ ಹೋಗುತ್ತಿತ್ತು. ಎರಡನೆಯ ದಿನ ಅಕಾಲದ ಆಲಿಕಲ್ಲು ಸುರಿದು ಎರಡು ದಿನದ ಮರಿಯೊಂದು ಸತ್ತಿತು. ಮಾಯವ್ವ ಅದನ್ನು ಸೆರಗಿನಲ್ಲಿ ಸುತ್ತಿ ಬಹಳ ಹೊತ್ತು ತಿಕ್ಕಿದಳು. ಆಮೇಲೆ ಕೆಳಗಿಟ್ಟಳು. ತಾಯಿಕುರಿ ಅಲ್ಲೇ ನಿಂತು ಕೂಗಿತು. ಸಣ್ಣ ಪರದೆಯಲ್ಲಿ ಅದರ ಅಂಕ ಒಂಬತ್ತು. ಸಂಕುಲದಲ್ಲಿ ಹುಟ್ಟಿದ್ದರೆ ಆ ಮರಿ ಬದುಕುತ್ತಿತ್ತು. ನೀಲಾಂಬಿಕೆ ಅದನ್ನು ತನ್ನ ಪುಸ್ತಕದಲ್ಲಿ ಬರೆದುಕೊಂಡಳು.

ಅದೇ ದಿನ ಬಿಲ್ಲೆಯಿಂದ ಇನ್ನೊಂದು ಗೊತ್ತಾಯಿತು. ನೋಡಲು ಚೆನ್ನಾಗಿಯೇ ಇದ್ದ ಒಂದು ಟಗರಿನ ಅಂಕ ಎರಡು ದಿನದಿಂದ ಕೆಳಗಿಳಿದದ್ದು ಏರಿರಲಿಲ್ಲ. ಹಿಡಿದು ಕಾಲೆತ್ತಿ ನೋಡಿದರೆ ಗೊರಸಿನ ಸಂದಿಯಲ್ಲಿ ಕೊಳೆತ ಹುಣ್ಣು. ಅಮೋಘೆಪ್ಪ ಚಾಕುವಿನಿಂದ ಕೆರೆದು, ಅವಳು ಕೊಟ್ಟ ಔಷಧಿ ಹಾಕಿದ.

"ನನ್ನ ಕಣ್ಣಿಗೆ ಬಿದ್ದಿರಲಿಲ್ಲ," ಎಂದು ಒಪ್ಪಿಕೊಂಡ. "ಬಿಲ್ಲೆ ಬ್ಯಾಡ ಅಂತ ನಾ ಅನ್ನಂಗಿಲ್ರಿ ಡಾಕ್ಟರವ್ವ. ಮರಿ ಸತ್ತಾಗಿನ ದುಃಖಾನೂ, ಹಳ್ಳಾ ದಾಟುವಾಗಿನ ಅಂಜಿಕೀನೂ ಅದಕ್ಕ ಒಂದss. ಅದಷ್ಟು ತಪ್ಪು."

ಮೂರನೆಯ ದಿನ ಹೊತ್ತಿಳಿಯುವುದಕ್ಕೆ ಇನ್ನೂ ಎರಡು ತಾಸಿರುವಾಗ ತೋಳ ಬಂತು. ನೀಲಾಂಬಿಕೆಗೆ ಮೊದಲು ಕಂಡದ್ದು ತೋಳವಲ್ಲ, ಪರದೆ. ನೂರಾ ಎಂಬತ್ತು ಗೆರೆಗಳು ಒಮ್ಮೆಲೇ ಬಾವಿಗೆ ಬಿದ್ದಂತೆ ಇಳಿದವು. ತಲೆಯೆತ್ತಿದರೆ ಹಿಂಡು ಒಂದೇ ಮುದ್ದೆಯಾಗಿ ತಿರುಗುತ್ತಿತ್ತು. ನಾಯಿಗಳು ಹಳ್ಳದ ಕಡೆ ಹಾರಿದವು, ಅಮೋಘೆಪ್ಪ ಕೂಗುತ್ತ ಕೋಲು ಬೀಸಿ ಓಡಿದ. ಕಂಟಿಪೊದೆಗಳ ನಡುವೆ ಬೂದುಬಣ್ಣದ ಬೆನ್ನೊಂದು ಮಿಂಚಿ ಮರೆಯಾಯಿತು. ಯಾವ ಕುರಿಯೂ ಹೋಗಿರಲಿಲ್ಲ. ಒಂದರ ತೊಡೆ ಹರಿದಿತ್ತು. ನೀಲಾಂಬಿಕೆ ಕಲ್ಲಿನ ಮೇಲೆ ಕುಳಿತು ಅದಕ್ಕೆ ಹೊಲಿಗೆ ಹಾಕಿದಳು. ಎರಡು ಸಲ ದಾರ ತಪ್ಪಿ ಮತ್ತೆ ಪೋಣಿಸಬೇಕಾಯಿತು. ಹೀಗೆ ಹೆದರಿ ಎಷ್ಟೋ ವರ್ಷಗಳಾಗಿದ್ದವು.

ಹೊಲಿಗೆ ಮುಗಿಸಿ ಪರದೆ ನೋಡಿದಳು. ಹನ್ನೆರಡಕ್ಕೆ ಬಿದ್ದಿದ್ದ ಅಂಕ ಮೂವತ್ತಾಗಿತ್ತು, ಐವತ್ತಾಗಿತ್ತು. ನಲವತ್ತು ನಿಮಿಷಕ್ಕೆ ಎಪ್ಪತ್ತನಾಲ್ಕು. ಕುರಿಗಳು ಕಡಲೆಯ ಹೊಟ್ಟು ಮೇಯುತ್ತ ಒಂದರ ಬೆನ್ನಿಗೆ ಒಂದು ಮೈ ತಿಕ್ಕುತ್ತಿದ್ದವು. ಹೊಲಿಗೆ ಹಾಕಿಸಿಕೊಂಡದ್ದು ಕೂಡ ಎದ್ದು ಕುಂಟುತ್ತ ಅವುಗಳ ನಡುವೆ ಸೇರಿಕೊಂಡಿತು. ಬೀಳುವುದರಲ್ಲಿ ಅಲ್ಲ, ಎಷ್ಟು ಹೊತ್ತಿಗೆ ಏಳುತ್ತದೆ ಎಂಬುದರಲ್ಲಿತ್ತು ಲೆಕ್ಕ. ಏಳದೇ ಉಳಿದದ್ದು ರೋಗ. ಬೀಳುವುದನ್ನೇ ಮರೆತದ್ದು ಆರನೇ ಶೆಡ್ಡು.

"ಚಾ ಕುಡೀರಿ," ಎಂದು ಮಾಯವ್ವ ಲೋಟ ಕೊಟ್ಟಳು. "ನಿಮ್ಮ ಚಪ್ಪಲಿ ಹರದ್ವಲ್ಲ."

ಸಂಕುಲದ ನಿರ್ದೇಶಕ ಮುಕುಂದ ದೇಸಾಯಿ ಕೆಟ್ಟವನಲ್ಲ. ನೀಲಾಂಬಿಕೆ ತಂದ ಹಾಳೆಗಳನ್ನು ಕೊನೆಯವರೆಗೂ ಓದಿದ. ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡ.

"ಸೂತ್ರ ಬರದವ್ರೇ ಸೂತ್ರ ತಪ್ಪು ಅಂತ ಬರಕೊಟ್ರ ಸಾಗಾಣಿಕೆ ನಿಲ್ತದ. ಅದು ಕಾಯ್ದೆಯೊಳಗ ಅದ. ಆದ್ರ ಒಬ್ಬ ಅಮೋಘೆಪ್ಪಂದಷ್ಟೇ ನಿಲ್ಲೂದಿಲ್ಲ ಡಾಕ್ಟ್ರೇ. ಅದೇ ಹಾಳಿ ಹಿಡಕೊಂಡು ಹದಿನಾಲ್ಕು ಜಿಲ್ಲೆಯೊಳಗಿನ ಶೆಡ್ಡೆಲ್ಲಾ ಕೆಂಪಾಗ್ತಾವ."

"ಆಗಬೇಕು ಸರ್."

"ಆಮೇಲೆ? ಬಾಗಲಾ ತಗದು ಹೊರಗ ಬಿಡೋಣ. ಎಲ್ಲಿಗೆ ಹೋಗ್ತಾವ? ಊರ ಸುತ್ತ ಗಾಂವಠಾಣಾ ಇಲ್ಲ, ಮೇಯಲಿಕ್ಕ ಗೋಮಾಳ ಇಲ್ಲ. ಇಲ್ಲಿ ಇರೋ ನಾಲ್ಕು ಸಾವಿರ ಕುರಿಗೆ ನೆಲಾ ತುಳಿಯೂದು ಮರತೇ ಹೋಗ್ಯದ. ಅರ್ಧಕ್ಕರ್ಧ ಸಾಯ್ತಾವ. ಆ ಪಾಪ ಯಾರ ಮ್ಯಾಲೆ?"

ನೀಲಾಂಬಿಕೆ ಕಿಟಕಿಯಾಚೆ ನೋಡಿದಳು. ಸಂಕುಲದ ಗೋಡೆಗೆ ತಾಗಿಯೇ ಸೋಲಾರ್ ಫಲಕಗಳ ಬಯಲು ಶುರುವಾಗುತ್ತಿತ್ತು. ಇಬ್ಬರು ಆಳುಗಳು ಯಂತ್ರ ಹಿಡಿದು ಫಲಕಗಳಡಿಯ ಹುಲ್ಲು ಕತ್ತರಿಸುತ್ತಿದ್ದರು. ವಾರಕ್ಕೊಮ್ಮೆ ಕತ್ತರಿಸಿ ಸುಡುತ್ತಿದ್ದರು.

"ಆ ಹುಲ್ಲು ಸುಡೂ ಬದಲು," ಎಂದಳು.

ದೇಸಾಯಿ ಅವಳ ನೋಟ ಹಿಡಿದು ಹೊರಗೆ ನೋಡಿದ. "ಅವರು ಒಪ್ಪಬೇಕಲ್ಲ," ಎಂದ.

"ಕೇಳಿ ನೋಡೂಣು. ನಾನು ಇವತ್ತss ಬರದುಕೊಡ್ತೀನಿ."

"ನಿಮ್ಮ ಇಪ್ಪತ್ತಾರು ವರ್ಷದ ಕೆಲಸ ಇದು."

"ಹೌದ್ರಿ," ಎಂದಳು ನೀಲಾಂಬಿಕೆ. ಅಲ್ಲಿಯೇ ಕುಳಿತು ಎರಡು ಪುಟ ಬರೆದು ಸಹಿ ಹಾಕಿದಳು.

ಎಂಬತ್ತೊಂಬತ್ತನೆಯ ದಿನ ಅಮೋಘೆಪ್ಪನ ಹಿಂಡಿನ ಸಾಗಾಣಿಕೆಗೆ ತಡೆ ಸಿಕ್ಕಿತು. ಲಾರಿ ಬರಲಿಲ್ಲ. ಬದಲಿಗೆ ಬೆಂಗಳೂರಿನಿಂದ ಸಮಿತಿಗಳು ಬಂದವು. ಇಷ್ಟು ವರ್ಷ ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದರು. ಗೊತ್ತಿರಲಿಲ್ಲ ಎಂದು ಅವಳು ಹೇಳಿದಳು, ಅವರು ಅದನ್ನು ಬರೆದುಕೊಂಡರು. ಪತ್ರಿಕೆಯಲ್ಲಿ ಅವಳ ಹಳೆಯ ಫೋಟೋ ಬಂತು. ಸೂತ್ರ ತಿದ್ದುವ ಕೆಲಸವನ್ನು ಬೇರೆ ತಂಡಕ್ಕೆ ವಹಿಸಿದರು. ಚೇತರಿಕೆಯ ಹೊತ್ತನ್ನೂ ಅಳೆಯಬೇಕೆಂಬ ಅವಳ ಮಾತನ್ನು ಮಾತ್ರ ಉಳಿಸಿಕೊಂಡರು. ಅವಳನ್ನು ಜೂನ್ ತಿಂಗಳಿಂದ ತಾಲ್ಲೂಕು ಪಶು ಆಸ್ಪತ್ರೆಗೆ ವರ್ಗ ಮಾಡಿದರು.

ನೀಲಾಂಬಿಕೆ ಆರನೇ ಶೆಡ್ಡಿನ ಸಂಗತಿ ಹೇಳಿದ ಮೇಲೆ ಮನೆಯಲ್ಲಿ ಬಾಗಿಲಿನ ಮೇಲಿನ ಚಿಲಕವನ್ನು ಶಂಭುಲಿಂಗ ತಾನೇ ಬಿಚ್ಚಿದ. ಒಂದು ಭಾನುವಾರ ತಾಯಿಯನ್ನು ಕೈಹಿಡಿದು ಕೆಳಗೆ ಕರೆದೊಯ್ದ. ಬಸಲಿಂಗವ್ವ ಹತ್ತು ನಿಮಿಷ ಕಟ್ಟೆಯ ಮೇಲೆ ಕುಳಿತು, ಬಿಸಿಲು ಎಂದಳು, ಮೇಲೆ ಕರಕೊಂಡು ಹೋಗು ಎಂದಳು. ಅವನು ಬೆವರುತ್ತ ಅವಳನ್ನು ಹತ್ತಿಸಿಕೊಂಡು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತ. "ತಡಾ ಮಾಡಿದ್ವಿ ಅನಸ್ತೈತಿ ನೀಲಾ," ಎಂದ. ಅವಳು ಅವನಿಗೆ ನೀರು ಕೊಟ್ಟಳು. ಮುಂದಿನ ಭಾನುವಾರ ಮತ್ತೆ ಇಳಿಸುವುದೆಂದು ಇಬ್ಬರೂ ಮಾತಾಡಿಕೊಂಡರು.

ಸೋಲಾರಿನವರು ಮೇ ಮೊದಲ ವಾರದಲ್ಲಿ ಒಪ್ಪಿದರು, ಒಂದು ಶೆಡ್ಡಿನ ಮಟ್ಟಿಗೆ, ಪ್ರಯೋಗಕ್ಕೆ. ಗೋಡೆಯಲ್ಲಿ ಅಗಲ ಬಾಗಿಲು ಒಡೆಸಿ, ಮರದ ಇಳಿಜಾರು ಹಾಕಿ, ಆರನೇ ಶೆಡ್ಡಿನಿಂದ ನೇರ ಹುಲ್ಲಿಗೆ ದಾರಿ ಮಾಡಿದರು. ಬಾಗಿಲು ತೆರೆದ ದಿನ ದೇಸಾಯಿ, ಜುಲೇಖಾಬಿ, ಹತ್ತಾರು ಕೆಲಸಗಾರರು ಸಾಲಾಗಿ ನಿಂತು ಕಾದರು. ಹುಲ್ಲಿನ ಗಾಳಿ ಶೆಡ್ಡಿನೊಳಗೆ ನುಗ್ಗಿತು. ಒಂದು ಕುರಿಯೂ ತಿರುಗಿ ನೋಡಲಿಲ್ಲ. ಮಧ್ಯಾಹ್ನದವರೆಗೆ ಕಾದು ಒಬ್ಬೊಬ್ಬರೇ ಹೋದರು.

ನಾಲ್ಕನೆಯ ದಿನ ಮೇಲಿನವರ ಒತ್ತಾಯಕ್ಕೆ ಹತ್ತು ಕುರಿಗಳನ್ನು ಎತ್ತಿ ತಂದು ಹುಲ್ಲಿನ ಮೇಲೆ ಬಿಟ್ಟರು. ಇಳಿಸಿದಲ್ಲೇ ಅವು ಕುಸಿದು ಕುಳಿತವು. ಮೆತ್ತಗಾದ ಗೊರಸುಗಳು ಹರಳುಕಲ್ಲಿಗೆ ಒಡೆದವು. ಸಂಜೆಯೊಳಗೆ ಮೂರು ಸತ್ತವು. ನೀಲಾಂಬಿಕೆ ಹೊಟ್ಟೆ ಸೀಳಿ ನೋಡಿದಳು. ಒಳಗೆ ರೋಗವಿರಲಿಲ್ಲ, ಗಾಯವಿರಲಿಲ್ಲ; ಹೆದರುವುದನ್ನೇ ಮರೆತ ಮೈ ಒಮ್ಮೆಲೇ ಬಿದ್ದ ಹೆದರಿಕೆಯನ್ನು ತಾಳಿರಲಿಲ್ಲ. ಕೈ ತೊಳೆದುಕೊಂಡು ಬಂದವಳೇ ಇನ್ನು ಯಾರೂ ಒಂದು ಕುರಿಯನ್ನೂ ಎತ್ತಕೂಡದೆಂದು ಹೇಳಿದಳು. ಹರಳೆಲ್ಲ ಆಯಿಸಿ ಇಳಿಜಾರಿನ ಬುಡಕ್ಕೆ ಮರಳು ಹಾಕಿಸಿದಳು. ಶೆಡ್ಡಿನ ನೆಲದ ಕಾಲುಭಾಗಕ್ಕೆ ಹಲಗೆ ಹಾಸಿಸಿ ಅದರ ಮೇಲೆ ಮಣ್ಣು ಹರಡಿಸಿದಳು. ವರ್ಗವಾಗುವವರೆಗೆ ಉಳಿದದ್ದು ಹದಿನೈದು ದಿನ. ಪ್ರತಿ ಮುಂಜಾನೆ ಬಂದು ಬಾಗಿಲ ಹೊರಗೆ ಒಂದು ಸ್ಟೂಲಿನ ಮೇಲೆ ಕೂರತೊಡಗಿದಳು.

ಅಮೋಘೆಪ್ಪ ಕೇಳದೆಯೇ ಬಂದ. ತನ್ನ ಹಿಂಡಿನಿಂದ ಹದಿನೈದು ಕುರಿ, ಒಂದು ನಾಯಿ. ಅವನ ಕುರಿಗಳು ಫಲಕಗಳ ನೆರಳಿನಲ್ಲಿ ಹುಲ್ಲು ಹರಿಯುವ ಸದ್ದು ಶೆಡ್ಡಿನವರೆಗೂ ಕೇಳುತ್ತಿತ್ತು.

"ಅವು ನೋಡಿ ಕಲೀತಾವೇನು?" ಎಂದು ಅವಳು ಕೇಳಿದಳು.

"ಗೊತ್ತಿಲ್ರಿ. ನನ್ನ ಕಾಲದಾಗ ಕುರೀಗೆ ಮೇಯೂದು ಕಲಸಿದ್ದಿಲ್ಲ," ಎಂದ ಅವನು. ಇಬ್ಬರೂ ಕುಳಿತರು. ಐದನೆಯ ದಿನ ಹೋಯಿತು, ಆರನೆಯದು, ಏಳನೆಯದು. ಎಂಟನೆಯ ದಿನ ನಾಲ್ಕೈದು ಕುರಿಗಳು ಶೆಡ್ಡಿನೊಳಗಿನ ಮಣ್ಣಿನ ಮೇಲೆ ಮಲಗಿದ್ದವು. ಅದನ್ನೇ ದೊಡ್ಡದೆಂದುಕೊಂಡು ಅವಳು ಮನೆಗೆ ಹೋದಳು.

ಒಂಬತ್ತನೆಯ ದಿನ ಬೆಳಿಗ್ಗೆ ಹತ್ತರ ಸುಮಾರಿಗೆ ಒಂದು ಹೆಣ್ಣುಕುರಿ ಇಳಿಜಾರಿನ ತುದಿಗೆ ಬಂದು ನಿಂತಿತು. ವಯಸ್ಸಾದ ಕುರಿ, ಐದು ವರ್ಷ ಆ ಶೆಡ್ಡಿನಲ್ಲೇ ಕಳೆದದ್ದು. ಎಷ್ಟೋ ಹೊತ್ತು ನಿಂತೇ ಇತ್ತು. ಆಮೇಲೆ ಮುಂಗಾಲನ್ನು ಹಲಗೆಯ ಮೇಲಿಟ್ಟಿತು, ತೆಗೆಯಿತು, ಮತ್ತೆ ಇಟ್ಟಿತು. ನೀಲಾಂಬಿಕೆ ಅಲುಗಾಡಲಿಲ್ಲ. ಕುರಿ ಜಾರುತ್ತ ತಡವರಿಸುತ್ತ ಇಳಿದು ಮರಳಿನ ಮೇಲೆ, ಅಲ್ಲಿಂದ ಹುಲ್ಲಿನ ಮೇಲೆ ಬಂದು, ನಾಲ್ಕೂ ಕಾಲು ಅಗಲಿಸಿಕೊಂಡು ನಡುಗುತ್ತ ನಿಂತಿತು.

ಫೋನು ಗುನುಗಿತು. ಜುಲೇಖಾಬಿಯ ದನಿ ಗಾಬರಿಯಾಗಿತ್ತು. "ಮೇಡಂ, ನೂರಾ ಹದಿನೆಂಟನೇದು ಕೆಂಪು! ಎಂಬತ್ತರಿಂದ ಹದಿಮೂರಕ್ಕ ಬಿತ್ತು. ಡಾಕ್ಟರನ್ನ ಕಳಸು ಅಂತ ಪರದೆ ಬಡಕೊಳ್ಳಾಕತ್ತೈತಿ."

"ಡಾಕ್ಟರ್ ಇಲ್ಲೇ ಅದಾಳ," ಎಂದಳು ನೀಲಾಂಬಿಕೆ ಪಿಸುದನಿಯಲ್ಲಿ.

"ಒಳಗ ಹಾಕಸ್ಲೇನ್ರಿ?"

"ಬ್ಯಾಡ. ಯಾರೂ ಬರಬ್ಯಾಡ್ರಿ."

ಅಷ್ಟರಲ್ಲಿ ಅಮೋಘೆಪ್ಪನ ನಾಯಿ ಫಲಕಗಳ ಸಂದಿಯಿಂದ ಹೊಸ ಕುರಿಯನ್ನು ಕಂಡು ಮೂಸುತ್ತ ಹತ್ತಿರ ಬಂತು. ಅಮೋಘೆಪ್ಪ ನಾಯಿಯನ್ನು ಕರೆಯಲು ಬಾಯ್ತೆರೆದ. ನೀಲಾಂಬಿಕೆ ಅವನ ತೋಳು ಹಿಡಿದಳು. ಸತ್ತ ಮೂರು ಕುರಿಗಳು ಅವಳ ಕಣ್ಣಿಗೆ ಬಂದವು. ತಾನು ಮತ್ತೆ ತಪ್ಪು ಮಾಡುತ್ತಿರಬಹುದು ಎಂದು ಗೊತ್ತಿದ್ದೂ ಅವನ ತೋಳು ಬಿಡಲಿಲ್ಲ.

ಕುರಿ ನಾಯಿಯನ್ನು ನೋಡಿತು. ಕಿವಿಗಳು ಹಿಂದಕ್ಕೆ ಹೋದವು, ಮೂಗಿನ ಹೊಳ್ಳೆ ಅರಳಿತು. ಹಿಂದೆ ಸರಿಯಲು ಒಂದು ಹೆಜ್ಜೆ ಎತ್ತಿತು, ಸರಿಯಲಿಲ್ಲ. ತಲೆ ತಗ್ಗಿಸಿ, ಒಂದು ಮುಂಗಾಲನ್ನು ಮೇಲೆತ್ತಿ, ಬಯಲಿನ ಕುರಿ ಎದುರಾದದ್ದನ್ನು ಗದರಿಸುವಂತೆ ನೆಲವನ್ನು ಕುಟ್ಟಿತು. ನಾಯಿ ನಿಂತುಬಿಟ್ಟಿತು. ಕುರಿ ಮತ್ತೊಮ್ಮೆ ಕುಟ್ಟಿತು, ಈ ಸಲ ಮೊದಲಿಗಿಂತ ಜೋರಾಗಿ.

ಹಿಂದೆ, ಶೆಡ್ಡಿನ ಬಾಗಿಲಲ್ಲಿ, ಇನ್ನೆರಡು ಕುರಿಗಳು ತಲೆಯೆತ್ತಿ ಆ ಸದ್ದು ಬಂದ ಕಡೆ ನೋಡುತ್ತಿದ್ದವು.